ಎಲ್ಲರೂ ಗಿರಿಜಕ್ಕ ಆದ ಬೇಸಿಗೆ

ಮೊನ್ನೆ ಅಕ್ಕಿಆಲೂರಿಗೆ ಹೋಗಿದ್ದೆ. ಅಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿರುವ ಗಂಗಾಧರ ಫೋನು ಮಾಡಿ, "ಅಕ್ಕಾರ, ಒಂದು ಸಾಮಾನು ಸಿಕ್ಕೈತಿ. ನೀವ ಬಂದು ನೋಡ್ಬೇಕು" ಎಂದಿದ್ದ. ಏನು ಸಾಮಾನು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಸಂತೆಯ ದಿನ, ಹಾನಗಲ್ಲಿನಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಳಿದು ಅಕ್ಕಿ ಗಿರಣಿಗಳ ಓಣಿಗೆ ತಿರುಗುತ್ತಲೇ ಆ ವಾಸನೆ ಮೂಗಿಗೆ ಬಡಿಯಿತು. ಬಿಸಿ ವಾರ್ನಿಶ್ಶಿನ ವಾಸನೆ. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ಶಿನಲ್ಲಿ ನೆನೆಸಿ, ದೊಡ್ಡ ಬಲ್ಬು ಉರಿಯುವ ತಗಡಿನ ಪೆಟ್ಟಿಗೆಯಲ್ಲಿಟ್ಟು ಒಣಗಿಸುವಾಗ ಏಳುವ ವಾಸನೆ ಅದು. ಸಂತೆಗೆ ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ಓಣಿಯ ನಡುವೆ ನಿಂತು ಉದ್ದಕ್ಕೆ ಉಸಿರೆಳೆದುಕೊಂಡೆ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆಯಿಡೀ ನನ್ನ ಸೀರೆಗೆ, ಕೂದಲಿಗೆ ಇದೇ ವಾಸನೆ ಅಂಟಿಕೊಂಡಿತ್ತು.

ಹಾಗೆಂದು ನಾನೇನು ಮೋಟಾರಿನ ಕೆಲಸದವಳಲ್ಲ. ಹಾನಗಲ್ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟವಳು. ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದೆ, ಕಲಿಯುವವರು ನಿಂತ ಮೇಲೆ ಕಂಪ್ಯೂಟರ್ ಇಟ್ಟೆ. ರಿವೈಂಡಿಂಗ್ ಮಿಸ್ತ್ರಿಗಳು ನನ್ನಲ್ಲಿಗೆ ಬರುತ್ತಿದ್ದುದು ತಮ್ಮ ವಹಿಯ ಹಾಳೆಗಳನ್ನು ಝೆರಾಕ್ಸ್ ಮಾಡಿಸಿಕೊಳ್ಳಲು. ನಮ್ಮ ಕಡೆಯ ಹೊಳೆದಂಡೆಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ಇವತ್ತಿಗೂ ತಿರುಗುತ್ತಿರುವ ಎಷ್ಟೋ ಮೋಟಾರುಗಳ ಕಾರ್ಖಾನೆಗಳು ಮುಚ್ಚಿ ಬಹಳ ಕಾಲವಾಗಿದೆ. ಮೇಲಿನ ತಗಡಿನ ಪಟ್ಟಿಯ ಅಕ್ಷರಗಳನ್ನು ತುಕ್ಕು ತಿಂದಿರುತ್ತದೆ. ಒಳಗೆ ಯಾವ ಗೇಜಿನ ತಂತಿ, ಒಂದೊಂದು ಸುರುಳಿಗೆ, ಮಿಸ್ತ್ರಿಗಳ ಮಾತಿನಲ್ಲಿ ಕಾಯಿಲಿಗೆ, ಎಷ್ಟು ಸುತ್ತು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಹಿಂದೆ ಬಿಚ್ಚಿ ಕಟ್ಟಿದವನ ವಹಿಯಲ್ಲಿ ಮಾತ್ರ ಇರುತ್ತದೆ. ಆ ಹಾಳೆಗಳು ಕೈಯಿಂದ ಕೈಗೆ ಹೋಗಿ ಎಣ್ಣೆ ಕುಡಿದು ನನ್ನ ಯಂತ್ರದ ಗಾಜನ್ನೆಲ್ಲ ಮಬ್ಬು ಮಾಡುತ್ತಿದ್ದವು. ಒಂದು ದಿನ ಪಿತ್ತ ನೆತ್ತಿಗೇರಿ, "ಇದನ್ನೆಲ್ಲಾ ಒಂದ ಕಡೆ ಬರದು ಇಡೂಣು, ಎಲ್ಲಾರೂ ಅಲ್ಲೇ ನೋಡ್ಕೋರಿ" ಎಂದೆ. ಹಾಗೆ ಶುರುವಾದದ್ದು ನಮ್ಮ ವೆಬ್‌ಸೈಟು. ಹೆಸರು 'ತಾಮ್ರದ ಕಟ್ಟೆ'.

ಕಟ್ಟೆಯ ಪದ್ಧತಿ ಸರಳ. ಒಬ್ಬ ತಾನು ಕಟ್ಟಿದ ಮೋಟಾರಿನ ಲೆಕ್ಕ ಬರೆಯುತ್ತಾನೆ. ಇನ್ನೊಬ್ಬ ಅದೇ ಲೆಕ್ಕ ಹಾಕಿ ತನ್ನ ಊರಿನ ಮೋಟಾರು ಕಟ್ಟಿ, ಅದು ಸರಿಯಾಗಿ ತಿರುಗಿದರೆ ಕೆಳಗೆ ಒಂದೇ ಮಾತು ಬರೆಯುತ್ತಾನೆ: 'ನಡದೈತಿ.' ಲೈಕು, ಹೃದಯ, ಹೆಬ್ಬೆರಳು ಏನೂ ಇಲ್ಲ. ಒಂದು ಲೆಕ್ಕದ ಕೆಳಗೆ ಮೂರು 'ನಡದೈತಿ' ಬಿದ್ದರೆ ಬರೆದವನು ಆ ವಾರವೆಲ್ಲ ಎದೆ ಮುಂದೆ ಮಾಡಿಕೊಂಡು ಓಡಾಡುತ್ತಿದ್ದ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಮುನ್ನೂರಕ್ಕೂ ಹೆಚ್ಚು ಮಂದಿ ಬಂದು ಕೂತರು. ಆಗ ಅವರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ಸದಸ್ಯರಾಗಲು ಇ-ಮೇಲ್ ವಿಳಾಸ ಬೇಕೆನ್ನುತ್ತಿತ್ತು ಆ ಸೈಟು, ಇವರಲ್ಲಿ ಯಾರಿಗೂ ಅದಿರಲಿಲ್ಲ. ನಾನು ಎಲ್ಲರ ಹೆಸರಿನ ಮುಂದೆಯೂ ನನ್ನ ಅಂಗಡಿಯ ವಿಳಾಸವನ್ನೇ ಹಾಕಿದೆ. ಅವರು ಫೋನಿನಲ್ಲಿ ಹೇಳುತ್ತಿದ್ದರು, ನಾನು ಅವರವರ ಹೆಸರಿನಲ್ಲಿ ಟೈಪು ಮಾಡುತ್ತಿದ್ದೆ. ಇದರಲ್ಲಿ ತಪ್ಪೇನಿದೆ ಅನ್ನಿಸಲೇ ಇಲ್ಲ. ಬಸ್ ನಿಲ್ದಾಣದ ಎದುರಿನ ಅಂಗಡಿ ಎಂದರೆ ಹಾಗೇ, ಅರ್ಧ ಊರಿನ ಪತ್ರಗಳು ನಮ್ಮ ವಿಳಾಸಕ್ಕೇ ಬರುತ್ತವೆ.

ವರ್ಷ ಕಳೆದಂತೆ ಕಟ್ಟೆಗೂ ವಯಸ್ಸಾಯಿತು. ಒಂದಕ್ಕೆ ಔಷಧ ಕೊಟ್ಟರೆ ಇನ್ನೊಂದು ಏಳುವುದು. ಒಮ್ಮೆ ಹುಡುಕುವ ಜಾಗ ಕೆಟ್ಟಿತು. ಒಮ್ಮೆ ಚಿತ್ರಗಳೆಲ್ಲ ಮಾಯವಾದವು. ಯಾವುದೋ ದೇಶದ ಯಂತ್ರಗಳು ದಿನಕ್ಕೆ ನೂರು ಹೆಸರಿನಲ್ಲಿ ಸದಸ್ಯರಾಗಿ ಬೊಕ್ಕತಲೆಗೆ ಕೂದಲು ಬರಿಸುವ ಗುಳಿಗೆ ಮಾರತೊಡಗಿದವು. ಅವಕ್ಕೆ ಬಾಗಿಲಲ್ಲಿ ಒಂದು ಪ್ರಶ್ನೆ ಇಟ್ಟೆ, 'ಸ್ಟಾರ್ ಅಲ್ಲದಿದ್ದರೆ ಮತ್ತೇನು?' ಡೆಲ್ಟಾ ಎಂದು ಬರೆದರೆ ಒಳಗೆ. ಮೋಟಾರಿನ ತಂತಿ ಜೋಡಿಸುವ ಎರಡು ಬಗೆ ಇವು, ಮಿಸ್ತ್ರಿಯ ಮನೆಯ ಬೆಕ್ಕಿಗೂ ಗೊತ್ತು. ಗುಳಿಗೆ ಮಾರುವವರು ಅಲ್ಲಿಗೇ ನಿಂತರು. ಆಮೇಲೆ ಕಟ್ಟೆ ತೆರೆದರೆ ಸಾಕು, 'ಇದು ಸುರಕ್ಷಿತವಲ್ಲ' ಎಂಬ ಕೆಂಪು ಎಚ್ಚರಿಕೆ. ಹಿರೇಕೆರೂರಿನಿಂದ ಒಬ್ಬರು ಫೋನು ಮಾಡಿ, "ಅಕ್ಕಾರ, ನಿಮ್ಮ ಕಟ್ಟಿಗೆ ಹೋದ್ರ ಕಳ್ಳರು ಅದಾರ ಅಂತ ತೋರ್ಸಾಕತ್ತೈತಲ್ರಿ" ಎಂದರು. ಅದನ್ನೂ ಕಲಿತು ಸರಿ ಮಾಡಿದೆ.

"ವಾಟ್ಸಾಪ್ ಐತಲ್ರಿ, ಇನ್ನೂ ಯಾಕ ಇದನ್ನ ಹಿಡ್ಕೊಂಡು ಕುಂತೀರಿ?" ಎಂದು ಕೇಳದವರಿಲ್ಲ. ವಾಟ್ಸಾಪ್ ಗುಂಪೂ ಇತ್ತು. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಶುಭೋದಯ, ಅದರ ಕೆಳಗೆ ಯಾರದೋ ಮದುವೆ, ಅದರ ಕೆಳಗೆ ಒಂದು ಮೋಟಾರಿನ ಲೆಕ್ಕ, ಮರುದಿನ ಆ ಲೆಕ್ಕ ಎಲ್ಲಿ ಹೋಯಿತೆಂದು ದೇವರಿಗೇ ಗೊತ್ತು. ನನಗೆ ಅದು ಬೇಡ. ಹತ್ತು ವರ್ಷದ ಹಿಂದೆ ಹೇಳಿದ್ದು ಇವತ್ತು ಹುಡುಕಿದರೆ ಸಿಗಬೇಕು. ನನ್ನ ಹಟ ಅಷ್ಟೇ, ಈಗಲೂ ಅಷ್ಟೇ.

ಆ ವರ್ಷ ಯುಗಾದಿಯ ಹಿಂದೆಮುಂದೆ, ಕಟ್ಟೆಗೆ ಜಾಗ ಬಾಡಿಗೆ ಕೊಟ್ಟಿದ್ದ ಸರ್ವರಿನವರಿಂದ ಪತ್ರ ಬಂತು. ನಿಮ್ಮ ತಂತ್ರಾಂಶ ತೀರ ಹಳೆಯದು, ತಿಂಗಳೊಳಗೆ ಹೊಸದಕ್ಕೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ನಿಲ್ಲಿಸುತ್ತೇವೆ. ಹಳೆಯದೆಲ್ಲವನ್ನೂ ಪೆನ್‌ಡ್ರೈವಿಗೆ ಒಂದು ರಾತ್ರಿ ಇಳಿಸಿಕೊಂಡು, ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ನಾನೇ ಕೂತು ಹೊಸದಕ್ಕೆ ಏರಿಸಿದೆ. ಸಂಜೆಯ ಹೊತ್ತಿಗೆ ಕಟ್ಟೆ ತೆರೆದುಕೊಂಡಿತು. ಒಂಬತ್ತು ಸಾವಿರ ಬರಹ, ಒಂದೂ ಹೋಗಿರಲಿಲ್ಲ. ಖುಷಿಯಿಂದ ಎದುರಿನ ಹೋಟೆಲಿನಿಂದ ಮಿರ್ಚಿ ತರಿಸಿ ತಿಂದೆ. ಕೈ ಒರೆಸಿಕೊಂಡು ಮೊದಲ ಬರಹ ತೆರೆದೆ. ಬರೆದವರು: ಗಿರಿಜಕ್ಕ, ಅಂದರೆ ನಾನು. ಎರಡನೆಯದು: ಗಿರಿಜಕ್ಕ. ಹಿರೇಕೆರೂರಿನದೂ ಗಿರಿಜಕ್ಕ, ಸವಣೂರಿನದೂ ಗಿರಿಜಕ್ಕ. ಒಂದು ಕಡೆ ಗಿರಿಜಕ್ಕ ಪ್ರಶ್ನೆ ಕೇಳಿದ್ದಾಳೆ, ಗಿರಿಜಕ್ಕ ತಪ್ಪು ಉತ್ತರ ಕೊಟ್ಟಿದ್ದಾಳೆ, ಗಿರಿಜಕ್ಕ ಅವಳಿಗೆ ಬುದ್ಧಿ ಇಲ್ಲವೇ ಎಂದು ಬೈದಿದ್ದಾಳೆ, ಕೊನೆಗೆ ಗಿರಿಜಕ್ಕ ಇಬ್ಬರಿಗೂ ಸಮಾಧಾನ ಹೇಳಿದ್ದಾಳೆ.

ಹೊಸ ತಂತ್ರಾಂಶ ಮನುಷ್ಯರನ್ನು ಹೆಸರಿನಿಂದ ಗುರುತಿಸುತ್ತಿರಲಿಲ್ಲ, ಇ-ಮೇಲ್ ವಿಳಾಸದಿಂದ ಗುರುತಿಸುತ್ತಿತ್ತು. ಒಂದು ವಿಳಾಸಕ್ಕೆ ಒಬ್ಬರೇ. ನಾನು ಮುನ್ನೂರು ಮಂದಿಗೆ ಹಾಕಿದ್ದು ಒಂದೇ ವಿಳಾಸ. ಅದು ಎಲ್ಲರನ್ನೂ ಸೇರಿಸಿ ಒಬ್ಬಳನ್ನು ಮಾಡಿ, ಉಳಿದ ಹೆಸರುಗಳನ್ನು ಒರೆಸಿ ಹಾಕಿತ್ತು. ಪೆನ್‌ಡ್ರೈವಿಗೆ ಕೈ ಹಾಕಿದೆ. ಖಾಲಿ. ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಬರುತ್ತದೆಂದು, ಬಾಗಿಲು ತೆರೆದ ಕೂಡಲೇ ಗಲ್ಲೆಯ ಮೇಲೆ ಬಿದ್ದಿರುವುದನ್ನೆಲ್ಲ ಅಳಿಸಿ ಸ್ವಚ್ಛ ಮಾಡುವುದು ನನ್ನ ನಿತ್ಯದ ಅಭ್ಯಾಸ. ಆ ಬೆಳಿಗ್ಗೆ ಕೈ ತನ್ನ ಪಾಡಿಗೆ ತಾನು ಆ ಕೆಲಸ ಮಾಡಿ ಮುಗಿಸಿತ್ತು. ಸರ್ವರಿನವರಿಗೆ ಫೋನು ಮಾಡಿದರೆ, ಹಳೆಯ ಪ್ರತಿಯನ್ನು ತೆಗೆದುಹಾಕಿ ಆಯಿತು ಎಂದರು. ಫೋನಿನ ಆ ಕಡೆಯವನು, "ಬರಹ ಎಲ್ಲಾ ಅದಾವಲ್ರಿ ಮೇಡಂ, ಹೆಸರಷ್ಟ ಹೋಗೈತಿ" ಎಂದು ಸಮಾಧಾನ ಹೇಳಿದ. ಹೆಸರಷ್ಟೇ ಅಂತೆ!

ಹೆಸರು ಹೋದರೆ ಏನು ಹೋಗುತ್ತದೆಂದು ತಿಳಿಯಲು ಎಂಟು ದಿನ ಬೇಕಾಗಲಿಲ್ಲ. ಬಿಸಿಲು ಏರುತ್ತಿತ್ತು. ಮೂರು ಫೇಸ್ ಕರೆಂಟು ಕೊಡುವ ಹೊತ್ತಿನಲ್ಲಿ ಎಲ್ಲರೂ ಒಮ್ಮೆಲೇ ಪಂಪು ಹಚ್ಚುತ್ತಿದ್ದರು, ವೋಲ್ಟೇಜು ಬಿದ್ದು ಮೋಟಾರುಗಳು ಸುಡುತ್ತಿದ್ದವು. ಚಿಕ್ಕೇರೂರಿನ ಮಿಸ್ತ್ರಿ ಬಸವರಾಜ ಒಂದು ಸುಟ್ಟ ಐದು ಎಚ್‌ಪಿ ಮೋಟಾರನ್ನು ಕಟ್ಟೆಯಲ್ಲಿ ಕಂಡ ಲೆಕ್ಕದಂತೆ ಮೂವತ್ತಾರು ಸುತ್ತು ಹಾಕಿ ಕಟ್ಟಿದ. ಎರಡೇ ದಿನಕ್ಕೆ ಅದು ಮತ್ತೆ ಹೊಗೆಯಾಡಿತು. ಆ ಮೋಟಾರಿಗೆ ಬೇಕಿದ್ದದ್ದು ನಲವತ್ತೆರಡು. ಮೂವತ್ತಾರು ಎಂದು ಹಿಂದೊಮ್ಮೆ ಬರೆದವನು ಅಂದಾಜಿನ ಮೇಲೆ ಬಾಯಿಗೆ ಬಂದದ್ದು ಹೇಳುವ ಮನುಷ್ಯ. ಹಳೆಯ ಕಟ್ಟೆಯಲ್ಲಿ ಅವನ ಹೆಸರು ನೋಡುತ್ತಲೇ ಎಲ್ಲರೂ ನಕ್ಕು ಮುಂದೆ ಹೋಗುತ್ತಿದ್ದರು. ಈಗ ಅವನೂ ಗಿರಿಜಕ್ಕ, ನಲವತ್ತೆರಡು ಎಂದು ಹೇಳಿದ ಅನುಭವಸ್ಥರೂ ಗಿರಿಜಕ್ಕ.

ಬಸವರಾಜ ಸುಟ್ಟ ಕಾಯಿಲನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಅಂಗಡಿಗೇ ಬಂದ. ಕರ್ರಗಾದ ತಂತಿಯ ಉಂಡೆಯನ್ನು ಝೆರಾಕ್ಸ್ ಯಂತ್ರದ ಮೇಲಿಟ್ಟ.

"ನಿಮ್ಮ ಹೆಸರ ನೋಡಿ ಹಾಕೀನ್ರಿ ಅಕ್ಕಾರ. ನೀವು ಸುಳ್ಳ ಹೇಳಾಂಗಿಲ್ಲ ಅಂತ ಹಾಕೀನಿ" ಎಂದ. ಸಿಟ್ಟು ಮಾಡಿದ್ದರೆ ಎದುರು ಮಾತಾಡುತ್ತಿದ್ದೆ. ಅವನು ಸಿಟ್ಟು ಮಾಡಲಿಲ್ಲ.

"ಹೊಲದಾಗ ಬೆಳಿ ಒಣಗಾಕತ್ತೈತಿ ಅಂತ ಆ ಮನಿಯವ್ರು ದಿನಾ ಬಂದು ನಿಂದರ್ತಾರ. ಕಟ್ಟಿ ನಂಬಬಾರ್ದು ಅಂದ್ರ ಬಂದ್ ಮಾಡಿಬಿಡ್ರಿ. ಅರ್ಧಾ ನಂಬೂದು ಬ್ಯಾಡ."

ಅವನು ಹೋದ ಮೇಲೆ ಆ ಉಂಡೆಯನ್ನು ತೆಗೆದು ಗಲ್ಲೆಯ ಕೆಳಗಿಟ್ಟೆ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಬಂದ್ ಮಾಡುವುದು ಒಂದು ಗುಂಡಿಯ ಕೆಲಸ. ಆದರೆ ಅದಕ್ಕೆ ಮುಂಚೆ ಒಬ್ಬರಿಗೆ ಮುಖ ತೋರಿಸಬೇಕಿತ್ತು. ಮರುದಿನ ಶಿಗ್ಗಾವಿಗೆ ಹೋಗಿ, ಅಲ್ಲಿಂದ ಹುಲಗೂರಿನ ಬಸ್ಸು ಹತ್ತಿದೆ.

ಹುಲಗೂರಿನ ದಾದಾಪೀರ್ ಚಾಚಾ ನಾಲ್ಕೂ ತಾಲೂಕಿನ ಮಿಸ್ತ್ರಿಗಳಿಗೆ ಹಿರಿಯರು. ಕೈ ನಡುಗುವ ಕಾಯಿಲೆ ಬಂದು ಕೆಲಸ ಬಿಟ್ಟಿದ್ದರು. ನಲವತ್ತೆರಡು ಸುತ್ತು ಎಂದು ಹೇಳಿದವರು ಅವರೇ. ಅಂಥ ನೂರಾರು ಲೆಕ್ಕಗಳನ್ನು ವರ್ಷಗಟ್ಟಲೆ ಫೋನಿನಲ್ಲಿ ನನಗೆ ಓದಿ ಹೇಳಿದ್ದರು. ದರ್ಗಾದ ಹಿಂದಿನ ಓಣಿಯಲ್ಲಿ ಅವರ ಮನೆ. ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಬಸಿಯಲ್ಲಿದ್ದ ಅವರ ಚಹಾ ನಡುಗಿ ಅರ್ಧ ನೆಲಕ್ಕೇ ಹೋಯಿತು. ನಾನು ಆದದ್ದನ್ನೆಲ್ಲ ಹೇಳಿದೆ. ಎಲ್ಲ ಕೇಳಿ ಅವರು ಮೆಲ್ಲಗೆ ಕೇಳಿದರು.

"ತಂಗೆವ್ವಾ, ನನ್ನ ವಹಿ ಎಲ್ಲಿ ಅದಾವ ಗೊತ್ತೇನು?"

"ಇಲ್ಲ ಚಾಚಾ."

"ರದ್ದಿಗೆ ಹಾಕೀನಿ. ಹ್ವಾದ ವರ್ಷ ಗೆದ್ದಲ ಹಿಡದಿದ್ವು. ಎಲ್ಲಾ ನಿನ್ನ ಕಟ್ಟಿ ಮ್ಯಾಲ ಐತಲ್ಲ, ಇನ್ನ ಈ ಕಸ ಯಾಕ ಅಂತ ಹಾಕೀನಿ."

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಐವತ್ತು ದಾಟಿದ ಹೆಂಗಸು ಪರರ ಮನೆಯ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅಳುವುದನ್ನು ಓಣಿಯ ಜನ ನಿಂತು ನೋಡಿದರು.

"ಅಳಬ್ಯಾಡ. ಅತ್ರ ಮೋಟಾರ ತಿರಗತೈತೇನು?" ಎಂದು ಚಾಚಾ ಗದರಿದರು. "ಹೋದ್ರ ಹೋಗ್ಲಿ ಬಿಡವ್ವಾ ಅಂತ ನಾ ಅಂತೇನಿ ಅಂತ ಬಂದಿ ಹೌದಿಲ್ಲೊ? ನಾ ಅನ್ನಾಂಗಿಲ್ಲ. ಸುತ್ತಿದ ಕೈ ನಂದು, ಹೆಸರೂ ನಂದ ಇರ್ಬೇಕು. ನಂದಷ್ಟ ಅಲ್ಲ, ಎಲ್ಲಾರ್ದೂ. ಚೀಟಿ ಅದಾವಲ್ಲ, ತಗಸು."

ಚೀಟಿ! ಹದಿನೈದು ವರ್ಷ ಈ ಜನರ ನಡುವೆ ಇದ್ದೂ ನನಗೆ ಅದು ಹೊಳೆದಿರಲಿಲ್ಲ. ನಮ್ಮ ಕಡೆಯ ಮಿಸ್ತ್ರಿಗಳಿಗೆ ಒಂದು ರೂಢಿ ಇದೆ. ಮೋಟಾರು ಕಟ್ಟಿ ಮುಗಿಸಿದ ಮೇಲೆ, ತಂತಿ ಕೂರುವ ಸ್ಲಾಟಿನೊಳಗೆ ಹಾಕುವ ದಪ್ಪ ಕಾಗದದ ತುಂಡೊಂದರ ಮೇಲೆ ಗೇಜು, ಸುತ್ತು, ತಮ್ಮ ಹೆಸರು, ಊರು ಬರೆದು, ಟೇಪು ಸುತ್ತಿ, ವೈರು ಕೂಡಿಸುವ ಡಬ್ಬಿಯ ಮೂಲೆಯಲ್ಲಿ ಇಡುತ್ತಾರೆ. ಬರೆಯುವುದು ಪೆನ್ಸಿಲ್ಲಿನಲ್ಲೇ, ಮಸಿ ಕಾವಿಗೆ ಹಾರಿಹೋಗುತ್ತದೆ. ಮುಂದೆ ಆ ಮೋಟಾರು ಬಿಚ್ಚುವವನು ಮೊದಲು ಚೀಟಿ ಓದಿ, ಆಮೇಲೆ ಕಟರ್ ಹಿಡಿಯುತ್ತಾನೆ. ಗಿರಾಕಿಗೆ ಇದು ಗೊತ್ತೇ ಇರುವುದಿಲ್ಲ. ಕಟ್ಟೆಯ ಮೇಲೆ ಬರೆದ ಹೆಚ್ಚುಕಡಿಮೆ ಪ್ರತಿಯೊಂದು ಲೆಕ್ಕವೂ ಯಾವುದಾದರೂ ಹೊಳೆದಂಡೆಯಲ್ಲಿ, ಯಾವುದಾದರೂ ಗಿರಣಿಯಲ್ಲಿ ಬರೆದವನ ಹೆಸರು ಹೊತ್ತುಕೊಂಡು ಮೋಟಾರಿನ ಹೊಟ್ಟೆಯಲ್ಲಿ ಕೂತಿತ್ತು.

ಅಕ್ಕಿಆಲೂರಿನ ಗಂಗಾಧರ ಸುದ್ದಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದ. 'ಯಾವ ಮೋಟಾರ ಬಿಚ್ಚಿದ್ರೂ ಚೀಟಿ ಗಿರಿಜಕ್ಕಾರಿಗೆ ಮುಟ್ಟಸ್ರಿ.' ಅಷ್ಟರ ಮಟ್ಟಿಗೆ ಆ ಗುಂಪು ಉಪಯೋಗಕ್ಕೆ ಬಂತೆಂದು ಒಪ್ಪಿಕೊಳ್ಳುತ್ತೇನೆ. ಫೋಟೋಗಳು ಬರತೊಡಗಿದವು. ಬಸ್ ಕಂಡಕ್ಟರುಗಳ ಕೈಯಲ್ಲಿ ಚೀಟಿಗಳೇ ಬರತೊಡಗಿದವು. ಹೆಚ್ಚು ಮೋಟಾರು ಬರುವುದು ಗಂಗಾಧರನ ಅಂಗಡಿಗೆ, ಅದಕ್ಕೆ ನಾನು ದಿನ ಬಿಟ್ಟು ದಿನ ಬೆಳಿಗ್ಗೆ ಅಲ್ಲಿಗೇ ಹೋಗಿ, ವಾರ್ನಿಶ್ ಡಬ್ಬಿಗಳ ನಡುವೆ ಸ್ಟೂಲು ಹಾಕಿಕೊಂಡು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಕೂರುತ್ತಿದ್ದೆ. ಚೀಟಿಯ ಅಂಕಿಗಳನ್ನು ಕಟ್ಟೆಯಲ್ಲಿ ಹುಡುಕುವುದು, ಹೊಂದಿದರೆ ಆ ಬರಹದ ಮೇಲಿನ ಗಿರಿಜಕ್ಕನನ್ನು ಅಳಿಸಿ ನಿಜವಾದ ಹೆಸರು ಬರೆಯುವುದು. ಒಬ್ಬರ ಹೆಸರು ಒಂದು ಬರಹಕ್ಕೆ ಸಿಕ್ಕರೆ ಸಾಕಾಗುತ್ತಿರಲಿಲ್ಲ, ಪ್ರತಿಯೊಂದಕ್ಕೂ ಸಾಕ್ಷಿ ಬೇಕು ಎಂದು ಹಟ ಹಿಡಿದಿದ್ದೆ. ಒಂದೇ ಲೆಕ್ಕಕ್ಕೆ ಇಬ್ಬರ ಚೀಟಿ ಬಂದರೆ ಇಬ್ಬರಿಗೂ ಫೋನು. ಹಾಗೆ ಫೋನು ಮಾಡಿ ಎರಡು ಜಗಳ ಹಚ್ಚಿದ್ದೂ ಉಂಟು.

ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಬೇಸಿಗೆ ಇಡೀ ಸೀಮೆ ಮಳೆಗಾಗಿ ಆಕಾಶ ನೋಡುತ್ತಿದ್ದರೆ ನಾನು ಮಳೆ ತಡವಾಗಲಿ ಎಂದು ಬಯಸುತ್ತಿದ್ದೆ. ಮಳೆ ಬಂದರೆ ಪಂಪು ನಿಲ್ಲುತ್ತವೆ, ಮೋಟಾರು ಸುಡುವುದಿಲ್ಲ, ಚೀಟಿ ಬರುವುದಿಲ್ಲ. ಯಾರದೋ ಮೋಟಾರು ಸುಟ್ಟಿತೆಂದು ಕೇಳಿದರೆ ಬಾಯಲ್ಲಿ 'ಅಯ್ಯೋ' ಎಂದರೂ ಒಳಗೆ, ಒಳ್ಳೆಯದಾಯಿತು, ಬಿಚ್ಚಲಿ ಎನ್ನಿಸುತ್ತಿತ್ತು. ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿ ಎದ್ದು ಅಡ್ಡಮಳೆ ಬಿತ್ತು. ಮಾವಿನ ಕಾಯಿಗಳು ಉದುರಿದವು. ಓಣಿಯವರೆಲ್ಲ ಹೊರಗೆ ಬಂದು ಮುಖ ಒಡ್ಡಿ ನಿಂತಿದ್ದರು. ನಾನು ಗಂಟುಮೋರೆ ಹಾಕಿಕೊಂಡು ಅಂಗಡಿಯೊಳಗೇ ಕೂತಿದ್ದೆ.

ಇದರ ನಡುವೆ ಒಬ್ಬ ಮಹಾಶಯ ಕಾರಿನಲ್ಲಿ ಬಂದ. ಹುಬ್ಬಳ್ಳಿಯಲ್ಲಿ ಪಂಪಿನ ಬಿಡಿಭಾಗ ಮಾರುವ ಒಂದು ಕಂಪನಿಯ ಕಡೆಯವನು. ಇಸ್ತ್ರಿ ಕೆಡದಂತೆ ಕುರ್ಚಿಯ ತುದಿಯಲ್ಲಿ ಕೂತು ಸುತ್ತುಬಳಸದೆ ವಿಷಯಕ್ಕೆ ಬಂದ.

"ನಿಮ್ಮ ಸೈಟ್ ನೋಡೇವ್ರಿ ಮೇಡಂ. ಭಾಳ ಕಿಮ್ಮತ್ತಿನ ಮಾಲು ಐತಿ. ನಮಗ ಕೊಡ್ರಿ, ಆ್ಯಪ್ ಮಾಡ್ತೇವಿ. ಸರ್ವರ್ ಕಾಟ ಎಲ್ಲಾ ನಮಗ ಇರ್ಲಿ. ಹೆಂಗೂ ಎಲ್ಲಾ ನಿಮ್ಮ ಒಬ್ಬರ ಹೆಸರಿನಾಗ ಐತಿ, ನೀವೊಂದು ಸಹಿ ಮಾಡಿದ್ರ ಮುಗೀತು. ಮುಂದ ನಿಮ್ಮ ಫೋಟೋನೂ ಹಾಕ್ತೇವಿ."

ಮುನ್ನೂರು ಜನರ ಹೆಸರು ಅಳಿಸಿದ್ದು ನನ್ನ ತಪ್ಪು. ಆ ತಪ್ಪನ್ನೇ ಇವನು ತಟ್ಟೆಯಲ್ಲಿಟ್ಟು ನನಗೇ ಬಡಿಸಲು ಬಂದಿದ್ದ. ಮೈಯೆಲ್ಲ ಉರಿದುಹೋಯಿತು.

"ಟೈಪ್ ಮಾಡಿದ ಬೆರಳಷ್ಟ ನಂದ್ರಿ" ಎಂದೆ. "ನಾ ಇವತ್ತಿನ ತನಕ ಒಂದು ಫ್ಯಾನ್ ಸೈತ ಬಿಚ್ಚಿದಾಕಿ ಅಲ್ಲ. ಇದು ಮುನ್ನೂರು ಮಂದಿ ಕೈ. ಮುನ್ನೂರು ಸಹಿ ತಗೊಂಡ ಬರ್ರಿ, ಆಮ್ಯಾಲೆ ಫೋಟೋದ ಮಾತು."

ಅವನು ನಕ್ಕ. "ಆ ಮುನ್ನೂರು ಹೆಸರು ಎಲ್ಲಿ ಅದಾವ್ರಿ ಮೇಡಂ? ನಿಮ್ಮ ಸೈಟಿನಾಗ ಇಲ್ಲಲ್ಲ?"

ಗಲ್ಲೆಯ ಕೆಳಗಿದ್ದ ರಟ್ಟಿನ ಡಬ್ಬಿಯನ್ನು ಎತ್ತಿ ಅವನ ಮುಂದಿಟ್ಟು ಮುಚ್ಚಳ ತೆಗೆದೆ. ಎಣ್ಣೆ ಹಿಡಿದ, ಅಂಚು ಸುಟ್ಟ ಚೀಟಿಗಳು ಅರ್ಧ ಡಬ್ಬಿ ತುಂಬಿದ್ದವು.

"ಬರಾಕತ್ತಾವ್ರಿ. ಒಂದೊಂದ ಬರಾಕತ್ತಾವು. ನೀವು ಹೋಗಿ ಬರ್ರಿ."

ಆ ಡಬ್ಬಿಯಲ್ಲಿ ನನ್ನನ್ನು ಕಾಡಿದ ಚೀಟಿಗಳು ಸವಣೂರಿನವು. ಸವಣೂರಿನ ಮೆಹಬೂಬ್ ಮಿಸ್ತ್ರಿಯ ಲೆಕ್ಕಗಳು ಕಟ್ಟೆಯಲ್ಲಿ ಬಹಳ ಇದ್ದವು, ನಿಖರ ಎಂದು ಹೆಸರಾಗಿದ್ದವು. ಆದರೆ ಅವನ ಊರಿನಿಂದ ಬಂದ ಚೀಟಿಗಳ ಮೇಲೆ ದುಂಡಗಿನ ಅಕ್ಷರದಲ್ಲಿ 'ಮುಮ್ತಾಜ್' ಎಂದಿತ್ತು. ಫೋನು ಮಾಡಿ ಕೇಳಿದೆ. ಮೆಹಬೂಬ್ ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

"ಬೋರ್ಡಿನ ಮ್ಯಾಲ ಅವ್ರ ಹೆಸರು, ಕಾಯಿಲ್ ಸುತ್ತಾಕಿ ನಾನ್ರಿ" ಎಂದಳು ಆಕೆ. "ಮನಿಯಾಗ ಕುಂತು ಸುತ್ತತೇನಿ, ಲೆಕ್ಕಾ ಇಡ್ತೇನಿ. ನಿಮಗ ಫೋನ್ ಮಾಡಾವ್ರು ಅವ್ರು, ಅದಕ್ಕ ಅವ್ರ ಹೆಸರ ಬಿತ್ತು. ಇರ್ಲಿ ಅಂತ ಸುಮ್ನಿದ್ದೆ. ಈಗ ಹಳೇ ಹೆಸರ ಹ್ಯಾಂಗೂ ಅಳಿಸಿ ಹೋಗೈತಲ್ರಿ. ಹೊಸದಾಗಿ ಬರಿಯೂದ ಐತಿ ಅಂದ್ರ ಖರೇ ಹೆಸರ ಬರೀರಿ."

ಹಿಂದಿನಿಂದ ಮೆಹಬೂಬನ ದನಿ ಕೇಳಿಸಿತು. "ಬರೀರಿ ಅಕ್ಕಾರ. ಸುಳ್ಳೇನಿಲ್ಲ."

ಎರಡು ದಿನ ಬಿಟ್ಟು, ಒಂದೇ ಸಲ ಕೂತು ಮುಮ್ತಾಜಳ ಐವತ್ತೊಂದು ಲೆಕ್ಕ ಸರಿಪಡಿಸಿದೆ. ಎಲ್ಲವಕ್ಕೂ ಚೀಟಿ ಕೇಳಿದ್ದೆ, ಆಕೆ ತನ್ನ ವಹಿಯನ್ನೇ ಬಸ್ಸಿನಲ್ಲಿ ಕಳಿಸಿದ್ದಳು, ಜೊತೆಗೆ ಒಂದು ಪೊಟ್ಟಣ ಸವಣೂರು ಖಾರ. ನನ್ನ ತಪ್ಪಿನಿಂದ ಒಂದಾದರೂ ಒಳ್ಳೆಯದಾಯಿತಲ್ಲ ಎಂದು ಖಾರ ತಿನ್ನುತ್ತ ಕಣ್ಣು ಒರೆಸಿಕೊಂಡೆ. ಖಾರವೂ ಸ್ವಲ್ಪ ಜಾಸ್ತಿಯೇ ಇತ್ತು.

ರೋಹಿಣಿ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಮೂರು ದಿನ ಬಿಡದೆ ಸುರಿಯಿತು. ಪಂಪುಗಳು ನಿಂತವು, ಫೋನು ನಿಂತಿತು. ಅಷ್ಟರಲ್ಲಿ ಇನ್ನೂರ ಮೂವತ್ತು ಮಂದಿಗೆ ಅವರವರ ಬರಹ ತಿರುಗಿ ಮುಟ್ಟಿತ್ತು. ದಾದಾಪೀರ್ ಚಾಚಾರ ನೂರ ಹದಿನೆಂಟು ಲೆಕ್ಕಗಳು ಅವರ ಹೆಸರಿಗೆ ಬಂದಿದ್ದವು. ನಲವತ್ತೆರಡು ಸುತ್ತಿನ ಚೀಟಿಯನ್ನು ಬಸವರಾಜನೇ ಚಿಕ್ಕೇರೂರಿನ ಹತ್ತಿರ ಇನ್ನೊಂದು ಮೋಟಾರಿನಲ್ಲಿ ಹುಡುಕಿ ತೆಗೆದು, ಸ್ವತಃ ತಂದುಕೊಟ್ಟು ಹೋಗಿದ್ದ. ಉಳಿದವು ಸಿಗಲಿಲ್ಲ. ಕೆಲವರ ಚೀಟಿ ಸುಟ್ಟು ಬೂದಿಯಾಗಿತ್ತು, ಕೆಲವರು ಚೀಟಿ ಇಡುವ ಜನವೇ ಅಲ್ಲ. ಅವುಗಳ ಮೇಲೆ ಗಿರಿಜಕ್ಕ ಎಂದು ಬಿಡಲು ಮನಸ್ಸಾಗಲಿಲ್ಲ. 'ಯಾರ ಕೈ ಗೊತ್ತಿಲ್ಲ, ಪರೀಕ್ಷಿಸಿ ಹಾಕಿರಿ' ಎಂದು ಕೆಂಪು ಅಕ್ಷರದಲ್ಲಿ ಬರೆದೆ. ಪ್ರತಿಯೊಬ್ಬರಿಗೂ ಬೇರೆಬೇರೆ ಇ-ಮೇಲ್ ವಿಳಾಸ ಮಾಡಿಸಿದೆ. ಪ್ರತಿಯನ್ನು ಮೂರು ಕಡೆ ಇಟ್ಟೆ, ಒಂದು ಗಂಗಾಧರನ ಕಪಾಟಿನಲ್ಲಿ, ನನ್ನ ಕೈಗೆ ಎಟುಕದ ಹಾಗೆ.

ಮಳೆ ನಿಂತು ಹೊರಪಾದ ದಿನ ಚಾಚಾ ಬಸ್ಸು ಬದಲಿಸಿಕೊಂಡು ಅಕ್ಕಿಆಲೂರಿಗೆ ಬಂದರು. ಗಂಗಾಧರನ ಅಂಗಡಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಹಳೆಯ ಮೂರು ಎಚ್‌ಪಿ ಮೋಟಾರು ಖಾಲಿ ಹೊಟ್ಟೆಯಲ್ಲಿ ಕೂತಿತ್ತು. ಚಾಚಾ ಅದನ್ನು ತೋರಿಸಿ, "ಕುಂದ್ರು, ಸುತ್ತು" ಎಂದರು ನನಗೆ.

"ನಾ ಏನು ಸುತ್ತಲಿ ಚಾಚಾ?"

"ಒಂಬತ್ತು ಸಾವಿರ ಮಾತು ನಿನ್ನ ಹೆಸರಿಗೆ ಕುಂತಿದ್ವಲ್ಲ, ಅದ್ರಾಗ ಒಂದರ ಖರೇ ಆಗ್ಲಿ. ಮಂದಿ ಹೆಸರ ಹುಡುಕಿದಾಕಿಗೆ ತನ್ನ ಹೆಸರಿಗೆ ಒಂದು ಮೋಟಾರ ಬ್ಯಾಡೇನು?"

ಮೂರು ದಿನ ಹಿಡಿಯಿತು. ಅವರ ಕೈ ನಡುಗುತ್ತಿತ್ತು, ಕಣ್ಣು ನಡುಗುತ್ತಿರಲಿಲ್ಲ. ಎರಡು ಸಲ ನನ್ನ ಎಣಿಕೆ ತಪ್ಪಿದ್ದಕ್ಕೆ ಪೂರ್ತಿ ಬಿಚ್ಚಿಸಿದರು. ಟೈಪಿಂಗ್ ಕಲಿಸುವಾಗ ನಾನು ಮಕ್ಕಳ ಬೆರಳಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದೆ, ಅದರ ಸೇಡು ಅಲ್ಲಿ ತೀರಿತು. ಬೆರಳೆಲ್ಲ ಗೀರು. ಕೊನೆಗೆ ಗಂಗಾಧರ ಕರೆಂಟು ಕೊಟ್ಟಾಗ ಅದು ಗುಂಯ್ ಎಂದು ತಿರುಗಿತು. ಚಾಚಾ ದಪ್ಪ ಕಾಗದದ ತುಂಡು, ಪೆನ್ಸಿಲ್ಲು ನನ್ನ ಮುಂದಿಟ್ಟರು. ಬರೆದೆ, ಟೇಪು ಸುತ್ತಿ ಒಳಗಿಟ್ಟೆ. ಮನೆಗೆ ಬಂದು ಅದೇ ಲೆಕ್ಕವನ್ನು ಕಟ್ಟೆಯ ಮೇಲೂ ಬರೆದೆ. ನನ್ನ ಹೆಸರಿನಲ್ಲಿ ಉಳಿದದ್ದು ಅದೊಂದೇ ಬರಹ. ಅದಕ್ಕೆ ಯಾರೂ ಉತ್ತರ ಬರೆಯಲಿಲ್ಲ, ಅಂಥ ಮೋಟಾರು ಮತ್ತೆ ಯಾರ ಕೈಗೂ ಬಂದಿರಲಿಲ್ಲ.

ಮೊನ್ನೆ ಗಂಗಾಧರನ ಅಂಗಡಿಯ ಮುಂದೆ ನಿಂತು ನಾನು ಇದನ್ನೆಲ್ಲ ನೆನೆಯುತ್ತಿದ್ದಾಗ ಅವನು ಒಳಗಿನಿಂದ ಕೂಗಿದ. "ಅಲ್ಲೇ ಯಾಕ ನಿಂತ್ರಿ? ಒಳಗ ಬರ್ರಿ ಅಕ್ಕಾರ." ಹೋದೆ. ಅವನು ನನ್ನ ಅಂಗೈಯಲ್ಲಿ ಒಂದು ಚೀಟಿ ಇಟ್ಟ. ಟೇಪಿನ ಅಂಟು ಕರ್ರಗಾಗಿತ್ತು. ಪೆನ್ಸಿಲ್ ಅಕ್ಷರ ಮಾತ್ರ ಹಾಗೇ ಇತ್ತು: ಗಿರಿಜಾ, ಹಾನಗಲ್.

"ಸುಟ್ಟಿತೇನೋ?" ಎಂದೆ.

"ನಾಕ ವರ್ಷ ಹಿಟ್ಟ ಬೀಸೈತ್ರಿ. ಹ್ವಾದ ವಾರ ಲೈನಿನಾಗ ಒಂದು ಫೇಸ್ ಹೋಗಿತ್ತು, ಅದಕ್ಕ ಸುಟ್ಟೈತಿ. ನಿಮ್ಮ ಕೈದು ಏನೂ ತಪ್ಪಿಲ್ಲ. ನಿಮ್ಮ ಲೆಕ್ಕಾನ ಹಾಕಿ ಮತ್ತ ಸುತ್ತೀನಿ."

ಈ ತಿಂಗಳು ಸರ್ವರಿನವರಿಂದ ಮತ್ತೆ ಪತ್ರ ಬಂದಿದೆ. ನಿಮ್ಮ ತಂತ್ರಾಂಶ ಹಳೆಯದಾಗಿದೆಯಂತೆ. ಆಗಲಿ, ನನಗೂ ಆಗಿದೆ. ಕಟ್ಟೆ ಎಲ್ಲಿಗೂ ಹೋಗುವುದಿಲ್ಲ, ಮತ್ತೊಂದು ಸಲ ಹೊತ್ತು ಏರಿಸುತ್ತೇನೆ ಎಂದು ಗಂಗಾಧರನಿಗೆ ಹೇಳುತ್ತಿದ್ದೆ. ಅವನು ಕೇಳಿಸಿಕೊಳ್ಳುತ್ತಲೇ ಒಣಗಿಸುವ ಪೆಟ್ಟಿಗೆಯಿಂದ ಅದೇ ಮೋಟಾರನ್ನು ತೆಗೆದು ಜೋಡಿಸಿದ. ಓಣಿಯ ತುಂಬ ಹಬ್ಬಿದ್ದ ವಾಸನೆ ಅದರದೇ. ನನ್ನ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ಚೀಟಿಯ ಜೊತೆಗೆ ಸೇರಿಸಿ ಸುತ್ತಿ, ಡಬ್ಬಿಯೊಳಗೆ ಇಟ್ಟ. ಸ್ವಿಚ್ಚು ಒತ್ತಿದ. ಗುಂಯ್ ಎಂದಿತು.

ಅವನು ಕೈ ಒರೆಸಿಕೊಂಡು ಫೋನು ತೆಗೆದು ಏನೋ ಬರೆದ. ನನ್ನ ಚೀಲದಲ್ಲಿದ್ದ ಫೋನು ಸದ್ದು ಮಾಡಿತು. ಕಟ್ಟೆಯ ಮೇಲೆ ನನ್ನ ಒಂದೇ ಒಂದು ಬರಹದ ಕೆಳಗೆ, ನಾಲ್ಕು ವರ್ಷದ ಮೇಲೆ, ಮೊದಲ ಉತ್ತರ ಬಂದಿತ್ತು.

'ನಡದೈತಿ.'